ನೆರೆಮನೆಗೆ ಕಳುಹಿಸುವ ನಾನ್‌ಖಟಾಯಿ

ದೀಪಾವಳಿಗೆ ಎಂಟು ಹತ್ತು ದಿನಗಳಿರುವಾಗ ಮುಂಬಯಿಯ ಗೃಹಿಣಿಯರು ತುಪ್ಪ, ಸಕ್ಕರೆ, ಮೈದಾಹಿಟ್ಟುಗಳನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಸಮೀಪದ ಬೇಕರಿಯ ಬಾಗಿಲಲ್ಲಿ ಸರದಿಗಾಗಿ ಕಾಯುತ್ತಿದ್ದುದು ಹಿಂದಿನ ತಲೆಮಾರಿನವರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ಮನೆಯಲ್ಲಿ ಓವನ್ ಇಲ್ಲದ ಆ ಕಾಲದಲ್ಲಿ ಸಾಮಗ್ರಿ ಮನೆಯದು, ಬೆಂಕಿ ಬೇಕರಿಯದು. ಬೇಕರಿಯವನಿಗೆ ಸಲ್ಲುತ್ತಿದ್ದುದು ಸುಡುವ ಕೂಲಿ ಮಾತ್ರ. ಆ ಸೌದೆ ಒಲೆಗಳ ಕಾಲವೂ ಈಗ ಮುಗಿಯುತ್ತ ಬಂದಿದೆ. ಸೌದೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಅನಿಲವೇ ಮೊದಲಾದ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಸೂಚಿಸಿತು.

ಈ ತಿನಿಸು ಹುಟ್ಟಿದುದು ಸೂರತ್ತಿನಲ್ಲಿ. ಡಚ್ಚರು ಬಿಟ್ಟುಹೋದ ಬೇಕರಿಯನ್ನು ಮುಂದುವರಿಸಿದ ದೋಟಿವಾಲಾ ಎಂಬ ಪಾರಸಿ ಮನೆತನವು ಅದನ್ನು ರೂಢಿಗೆ ತಂದಿತೆಂಬುದು ಅಲ್ಲಿನ ಪ್ರತೀತಿ. ಮೊಟ್ಟೆಯಿಲ್ಲದ ಕಾರಣ ಗುಜರಾತಿ, ಮಾರವಾಡಿ, ಜೈನ ಕುಟುಂಬಗಳೂ ಇದನ್ನು ನಿಸ್ಸಂಕೋಚವಾಗಿ ಸ್ವೀಕರಿಸುತ್ತವೆ. ಕ್ರಿಸ್‌ಮಸ್ಸಿಗೆ ಮಂಗಳೂರಿನ ಕ್ರೈಸ್ತ ಕುಟುಂಬಗಳಿಂದ ಕುಸ್ವಾರದ ತಟ್ಟೆ ನೆರೆಯವರಿಗೆ ಬರುವಂತೆ, ದೀಪಾವಳಿಗೆ ಕನ್ನಡಿಗರ ಮನೆಯಿಂದ ಕರ್ಜಿಕಾಯಿ, ಕೋಡುಬಳೆಗಳೊಡನೆ ನಾಲ್ಕು ನಾನ್‌ಖಟಾಯಿಗಳೂ ಹೋಗುವುದುಂಟು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಿಯಮ ಎಲ್ಲ ಭಾಷೆಯವರಲ್ಲಿಯೂ ಒಂದೇ.

ಮಾಡುವ ಕ್ರಮ ಕಠಿಣವಲ್ಲ. 250 ಗ್ರಾಂ ಗಟ್ಟಿ ತುಪ್ಪವನ್ನು ಅಗಲವಾದ ಪರಾತದಲ್ಲಿ ಹಾಕಿ, ಅಂಗೈಯಿಂದ ಬೆಳ್ಳಗಾಗಿ ಹಗುರಾಗುವವರೆಗೆ ತಿಕ್ಕಬೇಕು. ಇಲ್ಲಿ ಅವಸರ ಕೂಡದು. ತುಪ್ಪದೊಳಗೆ ಸೇರುವ ಗಾಳಿಯೇ ಮುಂದೆ ಖಟಾಯಿಯನ್ನು ಹಗುರಗೊಳಿಸುತ್ತದೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. 250 ಗ್ರಾಂ ಸಕ್ಕರೆ ಪುಡಿಯನ್ನು ಬೆರೆಸಿ ಮತ್ತೆ ತಿಕ್ಕಿ, 400 ಗ್ರಾಂ ಮೈದಾ, 100 ಗ್ರಾಂ ಕಡಲೆಹಿಟ್ಟು, ಚಿಟಿಕೆ ಅಡಿಗೆ ಸೋಡ, ಏಲಕ್ಕಿ ಪುಡಿ ಇವನ್ನು ಜರಡಿ ಹಿಡಿದು ಸೇರಿಸಬೇಕು. ನೀರು ಬೇಡ. ನೀರು ತಗುಲಿ ನಾದಿದರೆ ಮೈದಾದ ಅಂಟು ಬಲಿತು ಖಟಾಯಿ ಗಡುಸಾಗುತ್ತದೆ. ನಿಂಬೆಗಾತ್ರದ ಉಂಡೆಗಳನ್ನು ಮಾಡಿ, ತುಸು ಒತ್ತಿ, ಹರಡಲು ಎಡೆ ಬಿಟ್ಟು ಜೋಡಿಸಿ, 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಬೇಯಿಸಿದರೆ ಸಾಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅದರಲ್ಲಿ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಸುಡಬಹುದು. ಬಿಸಿಯಿದ್ದಾಗ ಮೆತ್ತಗಿರುವುದನ್ನು ಕಂಡು ಬೆಂದಿಲ್ಲವೆಂದು ಭ್ರಮಿಸಿ ಮತ್ತೆ ಸುಡುವವರೇ ಹೆಚ್ಚು. ಗರಿಗರಿತನ ಬರುವುದು ತಣಿದ ಮೇಲೆ.

ಇನ್ನು ಲೆಕ್ಕ. ಈ ಅಳತೆಯ ಒಂದು ಕಿಲೋ ಹಿಟ್ಟಿನಿಂದ 40 ಖಟಾಯಿಗಳಾಗುತ್ತವೆ. ಒಂದೊಂದರಲ್ಲಿ 6 ಗ್ರಾಂಗಿಂತ ತುಸು ಹೆಚ್ಚು ತುಪ್ಪ, ಅಷ್ಟೇ ಸಕ್ಕರೆ. ಶಕ್ತಿ ಸುಮಾರು 125 ಕ್ಯಾಲೊರಿ. ಚಹದ ಜೊತೆ ಮಾತಿನ ಭರದಲ್ಲಿ ನಾಲ್ಕು ತಿಂದವರ ಖಾತೆಗೆ 500 ಕ್ಯಾಲೊರಿ, 25 ಗ್ರಾಂ ಸಕ್ಕರೆ ಜಮೆಯಾದಂತೆ. ದಿನಕ್ಕೆ 2000 ಕ್ಯಾಲೊರಿ ಆಹಾರ ಸೇವಿಸುವವರು ಹೊರಗಿನಿಂದ ಸೇರಿಸಿದ ಸಕ್ಕರೆಯನ್ನು ಸುಮಾರು 25 ಗ್ರಾಂಗೆ ಇಳಿಸಿದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಚಹದ ಸಕ್ಕರೆಯನ್ನು ಇಲ್ಲಿ ಎಣಿಸಿಲ್ಲ.

ತುಪ್ಪ ದುಬಾರಿಯೆಂದು ವನಸ್ಪತಿ ಬಳಸುವ ಪದ್ಧತಿ ಬಹುಕಾಲ ನಡೆಯಿತು. ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸುವಾಗ ಉಂಟಾಗುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ, ಒಳ್ಳೆಯದನ್ನು ಇಳಿಸುತ್ತದೆ. ಹೃದಯಕ್ಕೆ ಇದು ಇಬ್ಬಗೆಯ ಹಾನಿ. ಭಾರತದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರ ಜನವರಿಯಿಂದ ಶೇಕಡಾ 3ಕ್ಕೂ, 2022ರ ಜನವರಿಯಿಂದ ಶೇಕಡಾ 2ಕ್ಕೂ ಇಳಿಸಲಾಗಿದೆ. ಹಾಗೆಂದು ತುಪ್ಪ ನಿರಪಾಯಕಾರಿಯೇನಲ್ಲ, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಪರ್ಯಾಪ್ತ ಕೊಬ್ಬು. ಮೈದಾದ ಬದಲು ಗೋಧಿಹಿಟ್ಟು ಹಾಕಿದರೆ ನಾರಿನಂಶ ಹೆಚ್ಚುವುದು ನಿಜ, ಕ್ಯಾಲೊರಿ ಮಾತ್ರ ಹೆಚ್ಚು ಕಡಮೆ ಅಷ್ಟೇ.

ನೆರೆಮನೆಯ ಹಿರಿಯರಿಗೆ ಮಧುಮೇಹವಿದ್ದಾಗ ಪ್ರಶ್ನೆ ಸೂಕ್ಷ್ಮವಾಗುತ್ತದೆ. ಹಬ್ಬದ ತಟ್ಟೆಯನ್ನು ಬೇಡವೆನ್ನುವುದು ಅವರಿಗೆ ಕಷ್ಟ. ಕೊಟ್ಟವರು ನೊಂದಾರೆಂಬ ದಾಕ್ಷಿಣ್ಯಕ್ಕೆ ಅವರ ಎದುರಿಗೇ ಎರಡು ತಿಂದುಬಿಡುತ್ತಾರೆ. ಆ ರಾತ್ರಿಯ ಕಷ್ಟ ಕೊಟ್ಟವರಿಗೆ ತಿಳಿಯುವುದೂ ಇಲ್ಲ. ಬೆಲ್ಲ ಹಾಕಿದ್ದೇವೆಂಬ ಸಮಾಧಾನ ನಿಲ್ಲದು, ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸಕ್ಕರೆಯಿಲ್ಲದ ಖಟಾಯಿಯಲ್ಲಿಯೂ ಮೈದಾ ಇದ್ದೇ ಇರುತ್ತದೆ. ಅಂಥ ಮನೆಗೆ ಖಟಾಯಿಗಳನ್ನು ಮನೆಮಂದಿಗೆ ಒಂದೊಂದರಂತೆ ಎಣಿಸಿ ಕಳುಹಿಸಿ, ಹಿರಿಯರಿಗೆಂದು ಎರಡು ಸೀಬೆಹಣ್ಣುಗಳನ್ನೋ ಉಪ್ಪು ಹಾಕದೆ ಹುರಿದ ಒಂದಿಷ್ಟು ಶೇಂಗಾವನ್ನೋ ಬೇರೆಯಾಗಿ ಇಡುವುದು ಮೇಲು. ಗೋಧಿ ಒಗ್ಗದವರು, ಶೇಂಗಾ, ಬಾದಾಮಿ, ಪಿಸ್ತಾಗಳ ಅಲರ್ಜಿಯುಳ್ಳ ಮಕ್ಕಳು ಆ ಮನೆಯಲ್ಲಿರಬಹುದಾದುದರಿಂದ ಏನೇನು ಹಾಕಿದೆಯೆಂದು ಚೀಟಿಯಲ್ಲಿ ಬರೆದಿಡಬೇಕು. ಅಲಂಕಾರಕ್ಕೆ ಒತ್ತಿದ ಒಂದು ಚೂರು ಪಿಸ್ತಾ ಸಹ ಅಂಥ ಮಗುವಿಗೆ ಅಪಾಯಕಾರಿ.

ಖಟಾಯಿ ಪೂರ್ತಿ ತಣಿಯುವ ಮುನ್ನ ಡಬ್ಬಿಗೆ ತುಂಬಿದರೆ ಹಬೆ ಕಟ್ಟಿ ಮೆತ್ತಗಾಗುತ್ತದೆ. ಆದುದರಿಂದ ಸಂಜೆ ಸುಟ್ಟುದನ್ನು ರಾತ್ರಿಯೇ ಹಂಚಲು ಹೊರಡದೆ, ಮರುದಿನ ಬೆಳಿಗ್ಗೆ ಕಳುಹಿಸಬೇಕು.