ಬದುಕಿನಲ್ಲಿ ಕಲಿತದ್ದಕ್ಕೆ ವಿದ್ಯಾಲಯದ ಮನ್ನಣೆ

ಹಲವು ವರ್ಷ ದುಡಿದು ಕಲಿತ ವಯಸ್ಕರೊಬ್ಬರು ಪದವಿಗಾಗಿ ವಿದ್ಯಾಲಯದ ಬಾಗಿಲು ತಟ್ಟಿದಾಗ, ಏನನ್ನೂ ಅರಿಯದವರಂತೆ ಮೊದಲ ಪಾಠದಿಂದಲೇ ಆರಂಭಿಸಬೇಕೇ? ಫ್ರಾನ್ಸ್ ದೇಶವು 2002ರ ಜನವರಿ 17ರ ಕಾನೂನಿನ ಮೂಲಕ ಇದಕ್ಕೆ ಸ್ಪಷ್ಟ ಉತ್ತರ ನೀಡಿತು. ಅದರ ಪ್ರಕಾರ ವೇತನದ ದುಡಿಮೆ ಮಾತ್ರವಲ್ಲ, ಸ್ವಯಂಸೇವೆಯ ಅನುಭವವೂ ಪದವಿಗೆ ಆಧಾರವಾಗಬಲ್ಲದು. ಆರಂಭದಲ್ಲಿ ಕನಿಷ್ಠ 3 ವರ್ಷಗಳ ಅನುಭವ ಅಗತ್ಯವಿತ್ತು; 2016ರಲ್ಲಿ ಅದನ್ನು 1 ವರ್ಷಕ್ಕೆ ಇಳಿಸಲಾಯಿತು.

ಅಭ್ಯರ್ಥಿಯು ತಾನು ಮಾಡಿದ ಕೆಲಸವನ್ನೂ ಅದರಿಂದ ಪಡೆದ ಅರಿವನ್ನೂ ಬರಹದಲ್ಲಿ ನಿರೂಪಿಸಿ ಪರೀಕ್ಷಕರ ಮಂಡಳಿಗೆ ಒಪ್ಪಿಸುತ್ತಾನೆ. ಮಂಡಳಿಯು ಪೂರ್ಣ ಪದವಿ ನೀಡಬಹುದು, ಒಂದು ಭಾಗವನ್ನು ಮಾತ್ರ ಮಾನ್ಯಮಾಡಿ ಉಳಿದುದನ್ನು ಸೂಚಿಸಬಹುದು, ನಿರಾಕರಿಸಲೂಬಹುದು. ಅಂದರೆ, ಮನ್ನಣೆ ಸಲ್ಲುವುದು ಕಳೆದ ವರ್ಷಗಳಿಗಲ್ಲ, ಗಳಿಸಿದ ಅರಿವಿಗೆ. ಆದ್ದರಿಂದ ಇದು ರಿಯಾಯಿತಿಯಲ್ಲ, ನ್ಯಾಯ.

ಈ ವಿವೇಚನೆ ಪವಿತ್ರ ಗ್ರಂಥಕ್ಕೆ ಹೊಸದೇನಲ್ಲ. ಪ್ರೇಷಿತರ ಕಾರ್ಯಕಲಾಪಗಳ 18ನೆಯ ಅಧ್ಯಾಯದಲ್ಲಿ ಅಪೊಲ್ಲೋಸನು ಧರ್ಮಗ್ರಂಥಗಳಲ್ಲಿ ಪಾರಂಗತ; ಆದರೆ ಅವನು ಅರಿತದ್ದು ಯೊವಾನ್ನನ ದೀಕ್ಷಾಸ್ನಾನವನ್ನು ಮಾತ್ರ. ಗುಡಾರ ಮಾಡುವ ಕಸುಬಿನವರಾದ ಪ್ರಿಸಿಲ್ಲ ಮತ್ತು ಅಕ್ವಿಲ ಮೊದಲು ಅವನ ಬೋಧನೆಯನ್ನು ಆಲಿಸಿದರು; ಬಳಿಕ ದೇವರ ಮಾರ್ಗವನ್ನು ಇನ್ನಷ್ಟು ನಿಖರವಾಗಿ ವಿವರಿಸಿದರು. ಅವನಲ್ಲಿದ್ದುದನ್ನು ಅಳಿಸಲಿಲ್ಲ, ಕೊರತೆಯನ್ನು ಮರೆಮಾಚಲೂ ಇಲ್ಲ. ಆಲಿಸುವುದು, ವಿವೇಚಿಸುವುದು, ಪೂರ್ಣಗೊಳಿಸುವುದು: ಪೂರ್ವಕಲಿಕೆಯ ಮನ್ನಣೆಯ ಮೂರು ಹೆಜ್ಜೆಗಳೂ ಇಲ್ಲಿವೆ.

ಪೋಪ್ ಫ್ರಾನ್ಸಿಸರು 2021ರ ಮೇ 10ರ 'ಅಂತೀಕ್ವುಮ್ ಮಿನಿಸ್ತೇರಿಯುಮ್' ಪ್ರೇಷಿತ ಪತ್ರದಲ್ಲಿ ಉಪದೇಶಿಗಳ ಸೇವಾಪದವನ್ನು ಸ್ಥಾಪಿಸಿದಾಗ, ಬೈಬಲ್, ದೈವಶಾಸ್ತ್ರ, ಪಾಲನಾಸೇವೆ ಮತ್ತು ಬೋಧನಾಕ್ರಮಗಳ ಶಿಕ್ಷಣದ ಜೊತೆಗೆ ಧರ್ಮೋಪದೇಶದ ಪೂರ್ವಾನುಭವವನ್ನೂ ಅಪೇಕ್ಷಿಸಿದರು. ಅನುಭವವನ್ನು ಸೇವೆಯ ಅರ್ಹತೆಯೆಂದು ಧರ್ಮಸಭೆ ಎಣಿಸುವಾಗ, ನಮ್ಮ ದೈವಶಾಸ್ತ್ರದ ತರಗತಿಗಳು ಅದನ್ನು ಕಡೆಗಣಿಸುವುದು ಸರಿಯೇ? ಇಪ್ಪತ್ತು ವರ್ಷ ಮರಣಶಯ್ಯೆಗಳ ಬಳಿ ಪ್ರಾರ್ಥಿಸಿದ ಉಪದೇಶಿಗೆ ಪಾಲನಾಸೇವೆಯ ಮೊದಲ ಪಾಠ ಅನಗತ್ಯವಾಗಿರಬಹುದು. ಕ್ರಿಸ್ತಶಾಸ್ತ್ರದ ವ್ಯವಸ್ಥಿತ ಅಧ್ಯಯನ ಅಗತ್ಯವಾಗಿರಬಹುದು. ಎರಡನ್ನೂ ತಿಳಿಯಲು ಅವರನ್ನು ಕೇಳದೆ ದಾರಿಯಿಲ್ಲ.

ಇದರಿಂದ ಶಿಕ್ಷಣದ ಮಟ್ಟ ಕುಸಿಯುವುದೆಂಬ ಆತಂಕ ಸಹಜವೇ. ಆದರೆ ಮಟ್ಟವನ್ನು ಕಾಯುವುದು ಪರೀಕ್ಷೆಯ ಪ್ರಾಮಾಣಿಕತೆಯೇ ಹೊರತು ಬೆಂಚಿನ ಮೇಲೆ ಕುಳಿತ ಗಂಟೆಗಳಲ್ಲ. ಪ್ರಮಾಣಪತ್ರವು ಅರಿವನ್ನು ಅಳೆಯುತ್ತದೆ, ದೇವರ ಕರೆಯನ್ನಲ್ಲ ಎಂಬುದನ್ನೂ ನಾವು ಮರೆಯಬಾರದು. ಪ್ರವೇಶಪತ್ರದಲ್ಲಿ ಎಲ್ಲಿ ಓದಿದಿರಿ ಎಂಬ ಪ್ರಶ್ನೆಯ ಪಕ್ಕದಲ್ಲೇ, ಸೇವೆಯಲ್ಲಿ ಏನನ್ನು ಕಲಿತಿರಿ ಎಂಬ ಪ್ರಶ್ನೆಗೂ ನಾವು ಸ್ಥಳ ಮಾಡಿಕೊಡೋಣ.