ಗಾಯಕ್ಕೆ ತೇವವೇ ಹಿತ

ಶಿವಮೊಗ್ಗದ ವಿದ್ಯಾನಗರದಿಂದ ಭದ್ರಾವತಿಯವರೆಗೆ ಗಾಯಗಳಿಗೇನೂ ಕೊರತೆಯಿಲ್ಲ. ಅಡಿಕೆ ತೋಟದಲ್ಲಿ ಕತ್ತಿ ತಗುಲಿದ ಕೈ, ಬಿ.ಎಚ್. ರಸ್ತೆಯಲ್ಲಿ ಬಿದ್ದು ತರಚಿದ ಮೊಣಕಾಲು, ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು, ಎಲ್ಲವೂ ಬಂದು ಸೇರುವುದು ಡ್ರೆಸ್ಸಿಂಗ್ ಕೋಣೆಗೆ. ಮದ್ದು ಬರೆಯುವವರು ವೈದ್ಯರಾದರೂ ಗಾಯವನ್ನು ದಿನವೂ ಬಿಚ್ಚಿ ನೋಡುವವರು ಸಿಸ್ಟರ್‌ಗಳು. ಹಾಗಾಗಿ ಗಾಯ ಮಾಯುವ ವೇಗ ಅವರ ತಿಳಿವಳಿಕೆಯನ್ನು ನೆಚ್ಚಿಕೊಂಡಿದೆ. ಆ ತಿಳಿವಳಿಕೆಯನ್ನು ಬಳಸಲು ಆಸ್ಪತ್ರೆ ಅವರಿಗೆ ಕೊಡುವ ಸಮಯ, ಸಾಮಗ್ರಿಗಳನ್ನೂ ಅಷ್ಟೇ ನೆಚ್ಚಿಕೊಂಡಿದೆ.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬ ನಂಬಿಕೆ ಮನೆಯಲ್ಲೂ ಇದೆ, ವಾರ್ಡಿನಲ್ಲೂ ಇದೆ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಇದನ್ನು ಪರೀಕ್ಷಿಸಿದರು. ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವ ಉಳಿಸಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಅಂಚಿನಿಂದ ಹೊರಟ ಜೀವಕೋಶಗಳು ತೇವದ ಮೇಲೆ ಸಲೀಸಾಗಿ ಸರಿಯುತ್ತವೆ. ಹಕ್ಕಳೆ ಕಟ್ಟಿದರೆ ಅದರಡಿ ದಾರಿ ಕೊರೆದುಕೊಂಡೇ ಮುಂದೆ ಹೋಗಬೇಕು. ಒಣಗಿ ಅಂಟಿದ ಗಾಜ್ ಬಟ್ಟೆಯನ್ನು ಎಳೆದು ಕಿತ್ತಾಗ ಮೂಡುವ ರಕ್ತದ ಚುಕ್ಕೆಗಳನ್ನು ನೋಡಿ: ಆಗತಾನೇ ಚಿಗುರಿದ ಸೂಕ್ಷ್ಮ ರಕ್ತನಾಳಗಳು ಹರಿದಿವೆ. ಸಲೈನ್ ಸುರಿದು, ಬಟ್ಟೆ ನೆನೆಯುವವರೆಗೆ ಕಾದು ಬಿಡಿಸಿದರೆ ಈ ನಷ್ಟವಿಲ್ಲ. ಬುರುಗು ಬರಿಸುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ರೋಗಾಣುಗಳ ಜೊತೆಗೆ ಹೊಸ ಜೀವಕೋಶಗಳನ್ನೂ ಕೊಲ್ಲುತ್ತದೆ. ಅದನ್ನು ದಿನವೂ ಸುರಿಯುವುದು ಶುಚಿಯಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಗಾಯ ತೇವವಾಗಿದ್ದರೆ ಕೀವಾಗದೇ ಎಂಬ ಆತಂಕ ಸಹಜ. ಆದರೆ ತೇವ ಬೇರೆ, ಒದ್ದೆ ಬೇರೆ. ಸುತ್ತಲ ಚರ್ಮ ಬೆಳ್ಳಗೆ ನೆನೆದು ಮೆತ್ತಗಾದರೆ ತೇವ ಹೆಚ್ಚಾಯಿತೆಂದೇ ಅರ್ಥ. ಆಗ ಹೆಚ್ಚು ಹೀರುವ ಡ್ರೆಸ್ಸಿಂಗ್ ಬೇಕು. ಕೀವು, ದುರ್ವಾಸನೆ, ಹರಡುವ ಕೆಂಪು, ಜ್ವರ ಕಂಡರೆ ಚಿಕಿತ್ಸೆಯೇ ಬೇರೆ. ರಕ್ತ ಸಂಚಾರ ನಿಂತು ಕಪ್ಪಾಗಿ ಒಣಗಿದ ಬೆರಳನ್ನಂತೂ ಒಣಗಿದಂತೆಯೇ ಇಟ್ಟು ತಜ್ಞರಿಗೆ ತೋರಿಸಬೇಕು. ಈ ವ್ಯತ್ಯಾಸ ಗುರುತಿಸುವುದೇ ತರಬೇತಿಯ ತಿರುಳು.

ರೋಗಿಗಳು ಕಿಕ್ಕಿರಿದ ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆಲ್ಲ ದುಡ್ಡೆಲ್ಲಿ, ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದುಬಾರಿ ಡ್ರೆಸ್ಸಿಂಗ್‌ಗಳೇ ಬೇಕೆಂದೇನಿಲ್ಲ. ಪ್ಯಾರಾಫಿನ್ ಸವರಿದ ಗಾಜ್ ಸುಲಭವಾಗಿ ಅಂಟುವುದಿಲ್ಲ, ಅನೇಕ ಗಾಯಗಳನ್ನು ದಿನವೂ ಬಿಚ್ಚಬೇಕಾಗಿಯೂ ಇಲ್ಲ. ಹಾಗೆ ಉಳಿದ ಸಮಯವನ್ನು ಕೈ ತೊಳೆಯಲು, ಗಾಯದ ಉದ್ದಗಲ ಅಳೆದು ಬರೆದಿಡಲು ಬಳಸಬಹುದು. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಸರಿಯಾದ ಆರೈಕೆಯಲ್ಲೂ 4 ವಾರಗಳಲ್ಲಿ ಅರ್ಧದಷ್ಟಾದರೂ ಕುಗ್ಗದಿದ್ದರೆ ಅದು ತಾನಾಗಿ ಮಾಯುವ ಸಂಭವ ಕಡಿಮೆ. ಅಳತೆಯೇ ಬರೆದಿಡದಿದ್ದರೆ ಈ ಎಚ್ಚರಿಕೆ ಯಾರ ಕಣ್ಣಿಗೂ ಬೀಳದು. ಸಿಸ್ಟರ್‌ಗಳಿಗೆ ಒಂದು ದಿನದ ಉಪನ್ಯಾಸ ಕೊಟ್ಟು ಕಳಿಸಿದರೆ ಸಾಲದು. ಅವರ ಟ್ರಾಲಿಯಲ್ಲಿ ಸಲೈನ್, ಅಂಟದ ಗಾಜ್, ಅಳತೆಪಟ್ಟಿ ಇರಬೇಕು, ಅವರು ಬರೆದದ್ದನ್ನು ವೈದ್ಯರು ರೌಂಡ್ಸಿನಲ್ಲಿ ಓದಬೇಕು. ಅಷ್ಟಾದರೆ ಎಷ್ಟೋ ಕಾಲುಗಳು ಉಳಿಯುತ್ತವೆ.