ನರದ ಮಾತ್ರೆ ಟಾನಿಕ್ ಅಲ್ಲ

‘ಅದೇನಿಲ್ಲ ಕಣ್ರೀ, ನರಕ್ಕೆ ಶಕ್ತಿ ಬರೋ ಮಾತ್ರೆ. ಬಿ-12 ಇದೆ ಅದರಲ್ಲಿ. ನೀವೂ ತಗೊಳ್ಳಿ, ಏನೂ ಆಗಲ್ಲ.’ ಮದುವೆಮನೆಯ ಪಂಕ್ತಿಯಲ್ಲಿ, ಪಾರ್ಕಿನ ಕಲ್ಲುಬೆಂಚಿನಲ್ಲಿ, ಮೆಡಿಕಲ್ ಶಾಪಿನ ಮುಂದೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪಾದ ಉರಿ ಎಂದವರಿಗೂ, ಸೊಂಟ ಹಿಡಿದಿದೆ ಎಂದವರಿಗೂ, ಕೈ ಜೋಮು ಹಿಡಿಯುತ್ತದೆ ಎಂದವರಿಗೂ ಅದೇ ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ, ಪ್ರಸಾದ ಹಂಚಿದ ಹಾಗೆ.

ಆ ಸ್ಟ್ರಿಪ್ಪನ್ನು ಒಮ್ಮೆ ತಿರುಗಿಸಿ ಓದಿ. ಮೀಥೈಲ್‌ಕೋಬಾಲಮಿನ್ ಇರುವುದು ನಿಜ, ಅದು ಬಿ-12. ಆದರೆ ಅದರ ಜೊತೆಗೇ ಪ್ರಿಗ್ಯಾಬಲಿನ್ 75 ಮಿಲಿಗ್ರಾಂ ಎಂದೋ ಗ್ಯಾಬಪೆಂಟಿನ್ 300 ಮಿಲಿಗ್ರಾಂ ಎಂದೋ ಅಚ್ಚಾಗಿರುತ್ತದೆ. ನೋವು ತಗ್ಗಿಸುವ ಅಸಲಿ ಆಸಾಮಿ ಅದು. ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ 1993ರಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ್ದು ಫಿಟ್ಸ್ ಔಷಧಿ ಎಂದು. ಸರ್ಪಸುತ್ತು ಮಾಯ್ದ ಮೇಲೂ ಉಳಿಯುವ ಉರಿನೋವಿಗೆ ಒಪ್ಪಿಗೆ ಬಂದದ್ದು 2002ರಲ್ಲಿ. ಇಷ್ಟು ತಿಳಿದ ಕೂಡಲೇ ಇನ್ನೊಂದು ಗುಂಪು ‘ಅಯ್ಯೋ, ನನಗೆಲ್ಲಿದೆ ಫಿಟ್ಸು?’ ಎಂದು ಹೌಹಾರಿ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯುತ್ತದೆ. ಅದೂ ದಡ್ಡತನವೇ. ಕೆರಳಿದ ನರಕೋಶಗಳು ಮಿತಿಮೀರಿ ಸಂಕೇತ ಕಳಿಸುವುದು ಮಿದುಳಿನಲ್ಲಾದರೆ ಫಿಟ್ಸ್. ಸಕ್ಕರೆ ಕಾಯಿಲೆಯಿಂದ ಕೆಟ್ಟುಹೋದ ಪಾದದ ನರಗಳಲ್ಲಾದರೆ ಉರಿ, ಚುಚ್ಚು. ಈ ಔಷಧಿಗಳು ನರಕೋಶದ ಕ್ಯಾಲ್ಸಿಯಂ ದ್ವಾರಗಳಿಗೆ ಅಂಟಿಕೊಂಡು ಆ ಅಬ್ಬರವನ್ನು ಇಳಿಸುತ್ತವೆ.

ಗಮನಿಸಿ, ಇಳಿಸುತ್ತವೆ. ಶಕ್ತಿ ತುಂಬುವ ಪ್ರಶ್ನೆಯೇ ಇಲ್ಲ. ತಲೆಸುತ್ತು, ತೂಕಡಿಕೆ, ನಡೆಯುವಾಗ ತೂರಾಟ ಬರುವುದು ಇದರಿಂದಲೇ. ಕೆಲವರಿಗೆ ಪಾದ ಊದುತ್ತದೆ, ತೂಕ ಏರುತ್ತದೆ. ಮಾತ್ರೆ ಶುರುಮಾಡಿದ ಮಾರನೆಯ ದಿನವೇ ಸ್ಕೂಟರ್ ಏರಿ ಹೊರಡುವವರು ಇದನ್ನು ನೆನಪಿಡಬೇಕು.

ನನ್ನ ತಾಳ್ಮೆ ಪೂರ್ತಿ ಕೆಡುವುದು ಈ ಹಂಚಾಟ ವಯಸ್ಸಾದವರ ತನಕ ಹೋದಾಗ. ಈ ಎರಡೂ ಔಷಧಿಗಳನ್ನು ಲಿವರ್ ಕರಗಿಸುವುದಿಲ್ಲ, ಬಹುಪಾಲು ಇದ್ದ ಹಾಗೇ ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಪಾದ ಉರಿ ಯಾರಿಗೆ ಹೆಚ್ಚು? ಹತ್ತಾರು ವರ್ಷದ ಸಕ್ಕರೆ ಕಾಯಿಲೆಯವರಿಗೆ. ಮೂತ್ರಪಿಂಡ ಸೋತಿರುವುದು ಯಾರದ್ದು? ಹೆಚ್ಚಾಗಿ ಅವರದ್ದೇ. ಐವತ್ತರ ಮಗನಿಗೆ ಒಗ್ಗಿದ ಡೋಸು ಎಂಬತ್ತರ ಅಜ್ಜಿಯ ರಕ್ತದಲ್ಲಿ ಕೂಡುತ್ತಾ ಹೋಗುತ್ತದೆ. ಅಜ್ಜಿ ಮಂಕಾಗುತ್ತಾರೆ, ರಾತ್ರಿ ಬಚ್ಚಲಿಗೆ ಎದ್ದಾಗ ಜೋಲಿ ತಪ್ಪಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ನೋಡಿ ಡೋಸು ಇಳಿಸಿದ್ದರೆ ತಪ್ಪಬಹುದಾಗಿದ್ದ ಬೀಳುವಿಕೆ ಅದು.

ಜೊತೆಗೆ ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಸಂಜೆಯ ಎರಡು ಪೆಗ್ ಸೇರಿದರೆ ಉಸಿರಾಟವೇ ಕುಗ್ಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಈ ಬಗ್ಗೆ ಎಚ್ಚರಿಸಿತು. ವಯಸ್ಸಾದವರನ್ನೂ ಶ್ವಾಸಕೋಶದ ಕಾಯಿಲೆಯವರನ್ನೂ ಹೆಸರಿಸಿಯೇ ಹೇಳಿತು. ವಿಟಮಿನ್ನಿಗೆ ಇಂಥ ಎಚ್ಚರಿಕೆ ಯಾರೂ ಕೊಡುವುದಿಲ್ಲ.

ಬಿ-12ರ ಮೇಲೆ ನನಗೇನೂ ಸಿಟ್ಟಿಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ, ಅಪ್ಪಟ ಸಸ್ಯಾಹಾರಿಗಳಲ್ಲಿ ಅದು ಕಡಿಮೆಯಾಗುತ್ತದೆ, ಕೊರತೆಯಿಂದಲೂ ನರ ಕೆಡುತ್ತದೆ. ಕೊರತೆ ಇದ್ದರೆ ಅದನ್ನೇ ಬೇರೆಯಾಗಿ ಕೊಡಬಹುದು, ಅದಕ್ಕೆ ಪ್ರಿಗ್ಯಾಬಲಿನ್‌ನ ಸಹವಾಸ ಬೇಕಿಲ್ಲ.

ಟಾನಿಕ್ ಎಂದುಕೊಂಡವರು ನಿಲ್ಲಿಸುವುದೂ ಟಾನಿಕ್ ನಿಲ್ಲಿಸಿದಂತೆಯೇ: ಸ್ಟ್ರಿಪ್ ಖಾಲಿಯಾಯಿತು, ಬಿಟ್ಟೆ. ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ಹಾಗೆ ಬಿಟ್ಟರೆ ನಿದ್ದೆ ಹಾರುತ್ತದೆ, ಬೆವರು, ವಾಕರಿಕೆ, ತಳಮಳ ಶುರುವಾಗುತ್ತವೆ. ಫಿಟ್ಸ್ ಇರುವವರಿಗೆ ಫಿಟ್ಸೇ ಮರುಕಳಿಸಬಹುದು. ಕನಿಷ್ಠ ಒಂದು ವಾರವಾದರೂ ಹಂತಹಂತವಾಗಿ ಇಳಿಸಬೇಕು, ಎಷ್ಟು ಹಂತ ಎಂಬುದು ವೈದ್ಯರ ಲೆಕ್ಕ.

ಫಿಟ್ಸ್ ಮತ್ತು ಅದರ ಮಾತ್ರೆಗಳ ಬಗೆಗಿನ ಉಳಿದ ತಪ್ಪು ತಿಳಿವಳಿಕೆಗಳು ಬೇಗ ಮುಗಿಯುತ್ತವೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಇಟ್ಟರೆ ನಿಲ್ಲುತ್ತದೆ ಎನ್ನುವುದು ಸುಳ್ಳು. ಹೆಚ್ಚಿನ ಫಿಟ್ಸ್ ಕೆಲವೇ ನಿಮಿಷಗಳಲ್ಲಿ ತಾನೇ ನಿಲ್ಲುತ್ತದೆ, ಕೀರ್ತಿ ಕಬ್ಬಿಣಕ್ಕೆ. ಐದು ನಿಮಿಷ ದಾಟಿತೋ, ಆಸ್ಪತ್ರೆಗೆ ಓಡಬೇಕು. ಆರು ತಿಂಗಳು ಫಿಟ್ಸ್ ಬರಲಿಲ್ಲವೆಂದರೆ ವಾಸಿಯಾಯಿತು ಎಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದು. ಬೆಳಗಿನದು ಮರೆತರೆ ರಾತ್ರಿ ಎರಡು ನುಂಗುವ ಲೆಕ್ಕಾಚಾರ ಬೇಡ. ಗ್ಯಾಸಿಗೆ ಕುಡಿಯುವ ಆಂಟಾಸಿಡ್ ಗ್ಯಾಬಪೆಂಟಿನ್ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ, ನಡುವೆ ಎರಡು ಗಂಟೆ ಬಿಡಿ. ಗರ್ಭಿಣಿಯಾದೊಡನೆ ಫಿಟ್ಸ್ ಮಾತ್ರೆ ತಾವಾಗಿ ಬಿಡುವುದು ತಾಯಿಗೂ ಮಗುವಿಗೂ ಅಪಾಯ. ವ್ಯಾಲ್‌ಪ್ರೊಯೇಟ್‌ನಂಥವು ಮಗುವಿಗೆ ಕೆಡುಕು ಎಂಬುದೂ ನಿಜ, ಅದಕ್ಕೇ ಗರ್ಭ ಧರಿಸುವ ಮೊದಲೇ ವೈದ್ಯರ ಜೊತೆ ಮಾತಾಡಿಕೊಳ್ಳಬೇಕು.

ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳುಕು ಹುಡುಕುವ ಜನ ನಾವು. ಬಾಯಿಗೆ ಹಾಕಿಕೊಳ್ಳುವ ಮಾತ್ರೆಯ ವಿಷಯದಲ್ಲಿ ಮಾತ್ರ ಪಕ್ಕದ ಮನೆಯವರ ಮಾತೇ ಶಾಸನ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ‘ನರ ದೌರ್ಬಲ್ಯಕ್ಕೆ ಸಂಪರ್ಕಿಸಿ’ ಎಂದು ಓದುತ್ತಾ ಬೆಳೆದ ನಮಗೆ ನರ ಎಂದರೆ ಶಕ್ತಿ ತುಂಬಬೇಕಾದ ವಸ್ತು ಎಂಬ ಭ್ರಮೆ ಅಂಟಿಬಿಟ್ಟಿದೆ. ವೈದ್ಯರು ಡೋಸಿನ ಬಗ್ಗೆ ಹೇಳಿದ್ದನ್ನು ಮರೆಯುತ್ತೇವೆ, ಆ ಗೋಡೆ ಬರಹ ಮರೆಯುವುದಿಲ್ಲ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಅಲಂಕಾರಕ್ಕಲ್ಲ, ಚೀಟಿ ಇಲ್ಲದೆ ಮಾರಬಾರದೆಂದು.

ನಿಮ್ಮ ಮನೆಯ ಡಬ್ಬಿಯಲ್ಲಿ ಈ ಎರಡು ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಇವತ್ತೇ ನಿಲ್ಲಿಸಲು ಹೋಗಬೇಡಿ. ಸ್ಟ್ರಿಪ್ಪನ್ನೂ ಈಚಿನ ಕ್ರಿಯಾಟಿನಿನ್ ವರದಿಯನ್ನೂ ಹಿಡಿದುಕೊಂಡು ಚೀಟಿ ಬರೆದ ವೈದ್ಯರ ಬಳಿ ಹೋಗಿ. ಚೀಟಿಯೇ ಇಲ್ಲದೆ ಬಂದ ಮಾತ್ರೆಯಾದರೆ ಹೋಗಲು ಇನ್ನೂ ಆತುರ ಮಾಡಿ.